ಹಬ್ಬದ ರಾತ್ರಿ ಹತ್ತು ಜನರಿಗೆ ಕುರಿಮರಿ ಚಾಪ್ಸ್: ಎಲ್ಲವೂ ಒಟ್ಟಿಗೆ ಬಿಸಿಬಿಸಿಯಾಗಿ ತಟ್ಟೆಗೆ ಬರುವುದು ಹೇಗೆ?

ಮೊದಲ ಸಲದ ಆತಿಥೇಯೆ

ಈ ಬಾರಿಯ ಹಬ್ಬದ ರಾತ್ರಿಯೂಟ ನಮ್ಮ ಮನೆಯಲ್ಲಿ. ನಮ್ಮನ್ನೂ ಸೇರಿಸಿ ಹತ್ತು ಜನ, ಅವರಲ್ಲಿ ಇಬ್ಬರು ವಯಸ್ಸಾದವರು, ಒಬ್ಬಾಕೆ ಐದು ತಿಂಗಳ ಗರ್ಭಿಣಿ. ಕುರಿಮರಿ ಚಾಪ್ಸ್ ಮಾಡುತ್ತೇನೆಂದು ಉತ್ಸಾಹದಲ್ಲಿ ಹೇಳಿಬಿಟ್ಟಿದ್ದೇನೆ. ನಾಲ್ವರಿಗೆ ಮಾಡಿ ಅಭ್ಯಾಸವಿದೆ; ಎರಡು ಬೆರಳು ದಪ್ಪವೂ ಇಲ್ಲದ ಪಕ್ಕೆಲುಬಿನ ತುಂಡುಗಳನ್ನು ಬಿಸಿ ಬಾಣಲೆಗೆ ಹಾಕಿ, ಮಗುಚಿ, ನೇರವಾಗಿ ತಟ್ಟೆಗೆ ಬಡಿಸುತ್ತೇನೆ. ಆದರೆ ತಲಾ ಮೂರರಂತೆ ಲೆಕ್ಕ ಹಾಕಿದರೆ ಮೂವತ್ತು ತುಂಡುಗಳಾಗುತ್ತವೆ, ನನ್ನ ಬಾಣಲೆ ಒಂದು ಸಲಕ್ಕೆ ಹಿಡಿಸುವುದು ಐದೋ ಆರೋ. ಆರು ಸುತ್ತು ಮುಗಿಯುವಷ್ಟರಲ್ಲಿ ಮೊದಲ ಸುತ್ತಿನವು ತಣ್ಣಗಾಗಿ ಕೊಬ್ಬು ಬಿಳಿಗಟ್ಟಿರುತ್ತದೆ, ನಾನು ಇಡೀ ಊಟದ ಹೊತ್ತು ಹೊಗೆಯ ನಡುವೆ ನಿಂತಿರುತ್ತೇನೆ. ಇದಕ್ಕೆ ದಾರಿ ಏನು? ಜೊತೆಗೆ, ಅತಿಥಿಗಳಲ್ಲಿ ಒಬ್ಬರಿಗೆ ಕುರಿಮಾಂಸದ ವಾಸನೆ ಹಿಡಿಸುವುದಿಲ್ಲ, ಇನ್ನೊಬ್ಬರು ತಟ್ಟೆಯಲ್ಲಿ ಒಂದು ಹನಿ ಕೆಂಪು ಕಂಡರೂ ಕುರ್ಚಿ ಹಿಂದಕ್ಕೆ ಸರಿಸುತ್ತಾರೆ.

ಕಬ್ಬಿಣದ ಬಾಣಲೆ

ನಿಮ್ಮ ತೊಂದರೆ ಅಡುಗೆಯದ್ದಲ್ಲ, ತುಂಡಿನ ಆಯ್ಕೆಯದ್ದು. ತೆಳ್ಳಗಿನ ಪಕ್ಕೆಲುಬಿನ ಚಾಪ್ ಇಬ್ಬರ ಊಟಕ್ಕೆ ಹೇಳಿ ಮಾಡಿಸಿದ್ದು, ಹತ್ತು ಜನರ ಊಟಕ್ಕೆ ಶತ್ರು. ಹೊರಮೈ ಕಂದುಬಣ್ಣಕ್ಕೆ ತಿರುಗುವ ಹೊತ್ತಿಗೆ ಒಳಗೂ ಪೂರ್ತಿ ಬೆಂದಿರುತ್ತದೆ, ಅರ್ಧ ನಿಮಿಷ ತಪ್ಪಿದರೂ ಒಣಗುತ್ತದೆ. ಕಡಿಸುವಾಗಲೇ ಕನಿಷ್ಠ 4 ಸೆಂಟಿಮೀಟರ್ ದಪ್ಪ ಕೇಳಿ. ಒಂದು ಪಕ್ಕೆಲುಬಿನ ಸಾಲಿನಲ್ಲಿ ಸಾಮಾನ್ಯವಾಗಿ ಎಂಟು ಮೂಳೆಗಳಿರುತ್ತವೆ. ಎರಡೆರಡು ಮೂಳೆಗೆ ಒಂದರಂತೆ ಕತ್ತರಿಸಿದರೆ ನಾಲ್ಕು ಜೋಡಿ ಚಾಪ್‌ಗಳಾಗುತ್ತವೆ. ಹಾಗೆ ದಪ್ಪಗಿದ್ದರೆ ನಿಮಗೆ ಉಸಿರಾಡಲು ಸಮಯ ಸಿಗುತ್ತದೆ.

ಮೂಳೆ ಕಡಿಯುವವ

ನಾನು ಮಾಂಸ ಕಡಿಯುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು, ಆದ್ದರಿಂದ ತುಂಡಿನ ವಿಷಯದಲ್ಲಿ ಎರಡು ಮಾತು ಸೇರಿಸುತ್ತೇನೆ. ಚಾಪ್ ಎಂಬ ಒಂದೇ ಹೆಸರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಪದಾರ್ಥಗಳು ಮಾರಾಟವಾಗುತ್ತವೆ. ಪಕ್ಕೆಲುಬಿನದು ನೋಡಲು ಚೆಂದ, ಮೂಳೆಯೇ ಹಿಡಿಕೆ, ಆದರೆ ತಿನ್ನಲು ಸಿಗುವುದು ಒಂದು ಅಗುಳು ಮಾಂಸ. ಅದರ ಹಿಂದಿನ ಸೊಂಟದ ಭಾಗದ ಚಾಪ್‌ನಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಮೂಳೆಯಿದ್ದು, ಅದರ ಒಂದು ಬದಿಗೆ ಬೆನ್ನಿನ ದೊಡ್ಡ ಸ್ನಾಯು, ಇನ್ನೊಂದು ಬದಿಗೆ ಬೆಣ್ಣೆಯಂಥ ಸಣ್ಣ ಒಳಸ್ನಾಯು ಇರುತ್ತವೆ. ಹಬ್ಬದೂಟಕ್ಕೆ ನಾನು ಆರಿಸುವುದು ಇದನ್ನೇ. ದಪ್ಪಗೆ ಕಡಿದರೆ ತಲಾ ಎರಡು ಸಾಕು, ನಿಮ್ಮ ಮೂವತ್ತು ಇಪ್ಪತ್ತಕ್ಕೆ ಇಳಿಯುತ್ತದೆ. ಮೂರನೆಯದು ಭುಜದ ಚಾಪ್. ಅದರಲ್ಲಿ ಮೂಳೆ, ನರ, ಕೊಬ್ಬಿನ ಪದರಗಳೆಲ್ಲ ಹೆಣೆದುಕೊಂಡಿರುತ್ತವೆ. ಅದನ್ನು ಬಾಣಲೆಯಲ್ಲಿ ಆರು ನಿಮಿಷ ಹುರಿದು ಬಡಿಸಿದವರು ಆಮೇಲೆ ಬಂದು ನನ್ನ ಹತ್ತಿರ ಜಗಳವಾಡುತ್ತಾರೆ.

ಕಡಿದ ಎಲ್ಲ ತುಂಡುಗಳೂ ಒಂದೇ ದಪ್ಪ ಇರಬೇಕು. ಅದಕ್ಕಾಗಿ ಮೊದಲೇ ಕಟ್ಟಿಟ್ಟ ಪೊಟ್ಟಣ ಕೊಳ್ಳಬೇಡಿ, ಎದುರಿಗೆ ನಿಂತು ಕಡಿಸಿಕೊಳ್ಳಿ. ಮಾಂಸ ಮುಟ್ಟಿದರೆ ಗಟ್ಟಿಯಾಗಿ, ತಿಳಿಗೆಂಪಾಗಿ ಇರಬೇಕು, ಕೊಬ್ಬು ಬೆಳ್ಳಗೆ ಮೇಣದಂತಿರಬೇಕು. ಹಳದಿ ತಿರುಗಿದ ಕೊಬ್ಬೂ ಗಾಢ ಕೆಂಪು ಮಾಂಸವೂ ಒಟ್ಟಿಗೆ ಕಂಡರೆ ಅದು ಮರಿಯಲ್ಲ, ವಯಸ್ಸಾದ ಕುರಿ ಎಂಬ ಅನುಮಾನ ಬರಬೇಕು. ಮರಿ ಎಂದರೆ ಸಾಮಾನ್ಯವಾಗಿ ಒಂದು ವರ್ಷದ ಒಳಗಿನದು.

ನಿಧಾನ ಉರಿ

ಎಲ್ಲರೂ ಬಾಣಲೆಯ ಸುತ್ತಲೇ ಸುತ್ತುತ್ತಿದ್ದೀರಿ. ಹತ್ತು ಜನ, ಅದರಲ್ಲಿ ಗರ್ಭಿಣಿ, ವೃದ್ಧರು, ಕೆಂಪು ಕಂಡರೆ ಬೆಚ್ಚುವವರು. ಇಂಥ ಪಂಕ್ತಿಗೆ ಹೊಂದುವುದು ಮೇಲಿನವರು ತಳ್ಳಿಹಾಕಿದ ಭುಜದ ಚಾಪ್ಸ್! ಅದರ ನರಗಳಲ್ಲಿರುವ ಕೊಲಾಜೆನ್ 70 ಡಿಗ್ರಿ ದಾಟಿದ ಮೇಲೆ, ಸಮಯ ಕೊಟ್ಟರೆ, ಕರಗಿ ಜೆಲಾಟಿನ್ ಆಗುತ್ತದೆ. ಸಾರಿಗೆ ತುಟಿಗಂಟುವ ಆ ಮಂದತೆ ಬರುವುದು ಅದರಿಂದಲೇ. ಎರಡೂ ಬದಿ ಕೆಂಪಗೆ ಹುರಿದುಕೊಂಡು, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಬಾಡಿಸಿ, ತುಂಡುಗಳ ಅರ್ಧದವರೆಗೆ ಬರುವಷ್ಟು ಸಾರು ಹೊಯ್ದು, ಮುಚ್ಚಳ ಮುಚ್ಚಿ, 150 ಡಿಗ್ರಿಯ ಓವನ್‌ನಲ್ಲಿ ಒಂದೂವರೆ ಗಂಟೆಯಿಂದ ಎರಡು ಗಂಟೆ ಬಿಟ್ಟರೆ ಮೂಳೆಯಿಂದ ಮಾಂಸ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ದೊಡ್ಡ ಲಾಭವೆಂದರೆ ಇದನ್ನು ಹಿಂದಿನ ದಿನವೇ ಮಾಡಿಡಬಹುದು. ಬೇಗ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬೆಳಿಗ್ಗೆ ನೋಡಿದರೆ ಮೇಲೆ ಕೊಬ್ಬು ಬಿಳಿಯ ಹಪ್ಪಳದಂತೆ ಗಟ್ಟಿಯಾಗಿರುತ್ತದೆ. ಚಮಚದಿಂದ ಎತ್ತಿ ತೆಗೆದರೆ ನಿಮ್ಮ ಅತಿಥಿಗೆ ಹಿಡಿಸದ ವಾಸನೆಯ ಬಹುಪಾಲು ಅದರೊಂದಿಗೇ ಹೋಗುತ್ತದೆ. ರಾತ್ರಿ ಕುದಿ ಬರುವವರೆಗೆ ಕಾಯಿಸಿದರೆ ಮುಗಿಯಿತು, ನೀವೂ ಎಲ್ಲರ ಜೊತೆ ಕೂತು ಉಣ್ಣಬಹುದು.

ಕಬ್ಬಿಣದ ಬಾಣಲೆ

ಅದು ರುಚಿಯಾದ ಅಡುಗೆಯೇ, ಒಪ್ಪುತ್ತೇನೆ. ಆದರೆ ಅದು ಚಾಪ್ಸ್ ಅಲ್ಲ, ಸಾರು. ಆಕೆ ಮಾತು ಕೊಟ್ಟಿರುವುದು ಚಾಪ್ಸ್‌ಗೆ.

ಅಳತೆಗೋಲು

ಇಬ್ಬರ ವಾದದಲ್ಲೂ ಸತ್ಯವಿದೆ, ಆದರೆ ಪ್ರಶ್ನೆ ಕೇಳಿದವರ ನಿಜವಾದ ತೊಡಕು ಹೊತ್ತಿನದು. ಅದನ್ನು ಬಿಡಿಸುವ ದಾರಿ ಬೇಯಿಸುವ ಕೆಲಸವನ್ನೂ ಕೆಂಪಗಾಗಿಸುವ ಕೆಲಸವನ್ನೂ ಬೇರ್ಪಡಿಸುವುದು. ಬಾಣಲೆಯಲ್ಲಿ ಇವೆರಡನ್ನೂ ಒಟ್ಟಿಗೆ ಮಾಡಲು ಹೋಗುವುದರಿಂದಲೇ ಆರು ಸುತ್ತುಗಳ ಗೋಳು.

ದಪ್ಪ ಚಾಪ್‌ಗಳನ್ನು ಜಾಲರಿಯಿರುವ ತಟ್ಟೆಗಳ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿ 120 ಡಿಗ್ರಿ ಸೆಲ್ಸಿಯಸ್ ಓವನ್‌ಗೆ ಇಡಿ. ಇಪ್ಪತ್ತೂ ಎರಡು ತಟ್ಟೆಗಳಲ್ಲಿ ಒಟ್ಟಿಗೆ ಹಿಡಿಸುತ್ತವೆ. ಒಳಗಿನ ತಾಪ ಬೇಕಾದ ಮಟ್ಟಕ್ಕಿಂತ ಐದಾರು ಡಿಗ್ರಿ ಕಡಿಮೆ ಇರುವಾಗಲೇ ಹೊರತೆಗೆಯಿರಿ. 4 ಸೆಂಟಿಮೀಟರ್ ದಪ್ಪಕ್ಕೆ ಇದು ಸುಮಾರು 30ರಿಂದ 40 ನಿಮಿಷದ ಕೆಲಸ, ಆದರೆ ಗಡಿಯಾರವನ್ನು ನಂಬಬೇಡಿ. ಓವನ್‌ಗಳು ಸುಳ್ಳು ಹೇಳುತ್ತವೆ, ಥರ್ಮಾಮೀಟರ್ ಹೇಳುವುದಿಲ್ಲ. ಅದರ ಮೊನೆಯನ್ನು ಮೇಲಿನಿಂದ ಚುಚ್ಚದೆ, ಪಕ್ಕದಿಂದ ಮಲಗಿಸಿ, ಮೂಳೆಗೆ ತಾಗದಂತೆ ದಪ್ಪ ಸ್ನಾಯುವಿನ ನಡುವಿಗೆ ತೂರಿಸಿ. ಮೂಳೆಗೆ ತಾಗಿದರೆ ಅಂಕಿ ದಾರಿ ತಪ್ಪಿಸುತ್ತದೆ.

ಈಗ ಎಷ್ಟು ಡಿಗ್ರಿ ಎಂಬ ಮಾತು. ಹೋಟೆಲ್ ಅಡುಗೆಯವರು ನಡುವೆ ಗುಲಾಬಿಯಾಗಿ ಬಡಿಸುವಾಗ 55ರಿಂದ 57ರ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಅಮೆರಿಕದ ಕೃಷಿ ಇಲಾಖೆ ಇಡಿಯಾದ ತುಂಡುಗಳಿಗೆ ಹೇಳುವ ಸುರಕ್ಷಿತ ಮಟ್ಟ 63 ಡಿಗ್ರಿ ಮತ್ತು ಅದರ ಮೇಲೆ ಮೂರು ನಿಮಿಷದ ವಿಶ್ರಾಂತಿ. ವೃದ್ಧರಿರುವ ಪಂಕ್ತಿಯಲ್ಲಿ ನಾನು 63ನ್ನೇ ಹಿಡಿಯುತ್ತೇನೆ. ಆ ಮಟ್ಟದಲ್ಲೂ ನಡುವೆ ತೆಳು ಗುಲಾಬಿ ಉಳಿದು ಮಾಂಸ ರಸಭರಿತವಾಗಿಯೇ ಇರುತ್ತದೆ. ಅಂದರೆ ಓವನ್‌ನಿಂದ ತೆಗೆಯುವುದು 57ರ ಹೊತ್ತಿಗೆ, ಉಳಿದದ್ದನ್ನು ಬಾಣಲೆ ಏರಿಸುತ್ತದೆ. ಗರ್ಭಿಣಿಯ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಸರಿಯಾಗಿ ಬೇಯದ ಕುರಿಮಾಂಸದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಉಳಿದಿರಬಹುದು, ಅದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯಕಾರಿ. ಆಕೆಯ ತುಂಡು ಪೂರ್ತಿ ಬೇಯಬೇಕು, ಗುಲಾಬಿಯ ಸುಳಿವೂ ಇರಬಾರದು.

ತಟ್ಟೆಯಲ್ಲಿ ಹರಿಯುವ ಕೆಂಪು ನೀರು ರಕ್ತವಲ್ಲ. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೊಗ್ಲೋಬಿನ್ ಎಂಬ ಪ್ರೋಟೀನ್ ನೀರಿನಲ್ಲಿ ಬೆರೆತು ಹಾಗೆ ಕಾಣುತ್ತದೆ. ಇದನ್ನು ನಿಮ್ಮ ಅತಿಥಿಗೆ ಊಟದ ನಡುವೆ ವಿವರಿಸಲು ಮಾತ್ರ ಹೋಗಬೇಡಿ. ನಾನು ಹೋಗಿ ನೋಡಿದ್ದೇನೆ, ಕುರ್ಚಿ ಇನ್ನೂ ಹಿಂದಕ್ಕೆ ಸರಿಯುತ್ತದೆ.

ಮೊದಲ ಸಲದ ಆತಿಥೇಯೆ

ಇದು ನನಗೆ ಹಿಡಿಸಿತು. ಆದರೆ ಒಂದು ಅನುಮಾನ: ಮೊದಲು ಜೋರು ಉರಿಯಲ್ಲಿ ಹುರಿದರೆ ರಸ ಒಳಗೇ ಬಂಧಿಯಾಗುತ್ತದೆ ಎಂದು ಕೇಳಿದ್ದೇನೆ. ಕೊನೆಯಲ್ಲಿ ಹುರಿದರೆ ರಸವೆಲ್ಲ ಓವನ್‌ನಲ್ಲೇ ಸೋರಿಹೋಗುವುದಿಲ್ಲವೇ? ಮಾಂಸವನ್ನು ಒಂದು ಗಂಟೆ ಹೊರಗಿಟ್ಟು ಕೋಣೆಯ ತಾಪಕ್ಕೆ ತರಬೇಕು ಎಂಬುದೂ ನಿಜವೇ?

ಅಳತೆಗೋಲು

ಮೊದಲನೆಯದು 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ ಹರಡಿದ ನಂಬಿಕೆ. ಅದು ತಪ್ಪೆಂದು ಎಂದೋ ಸಾಬೀತಾಗಿದ್ದರೂ ಅಡುಗೆಮನೆಗಳಿಂದ ಇನ್ನೂ ಕಾಲ್ತೆಗೆದಿಲ್ಲ. ಕಿವಿಗೊಟ್ಟು ಕೇಳಿದರೆ ಉತ್ತರ ಬಾಣಲೆಯೇ ಹೇಳುತ್ತದೆ: ಕಂದು ಪದರ ಕಟ್ಟಿದ ಮೇಲೂ ಚುರ್ ಚುರ್ ಸದ್ದು ನಿಲ್ಲುವುದಿಲ್ಲ, ಆ ಸದ್ದು ಹೊರಬರುತ್ತಿರುವ ನೀರಿನದೇ. ಹುರಿಯುವುದು ರುಚಿಗಾಗಿ. ಪ್ರೋಟೀನ್ ಮತ್ತು ಸಕ್ಕರೆ ಬಿಸಿಯಲ್ಲಿ ಕೂಡಿ ನೂರಾರು ಹೊಸ ಪರಿಮಳಗಳಾಗುವ ಆ ಕ್ರಿಯೆಯನ್ನು ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದರು. ಅದು ಚುರುಕಾಗುವುದು 140 ಡಿಗ್ರಿಯ ಸುತ್ತಮುತ್ತ. ಮೇಲ್ಮೈ ಒದ್ದೆಯಾಗಿರುವಷ್ಟು ಹೊತ್ತು ತಾಪ 100ನ್ನು ದಾಟುವುದಿಲ್ಲ, ಆದ್ದರಿಂದ ಒದ್ದೆ ಮಾಂಸ ಬೂದುಬಣ್ಣಕ್ಕೆ ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಓವನ್‌ನಲ್ಲಿ ಅರ್ಧ ಗಂಟೆ ಕಳೆದ ಚಾಪ್‌ನ ಮೈ ಬೆರಳಿಗೆ ಕಾಗದದಂತೆ ಒಣಗಿರುತ್ತದೆ, ಹಾಗಾಗಿ ಒಂದು ಬದಿಗೆ ಒಂದೇ ನಿಮಿಷ ಸಾಕಾಗುತ್ತದೆ. ಎರಡು ಬಾಣಲೆ ಹಚ್ಚಿದರೆ ಇಪ್ಪತ್ತೂ ಹತ್ತು ನಿಮಿಷದಲ್ಲಿ ಮುಗಿಯುತ್ತವೆ.

ಎರಡನೆಯದರಲ್ಲಿ ಹುರುಳು ಕಡಿಮೆ. ದಪ್ಪ ತುಂಡನ್ನು ಅಷ್ಟು ಹೊತ್ತು ಹೊರಗಿಟ್ಟರೂ ಒಳಗಿನ ತಾಪ ಕೆಲವೇ ಡಿಗ್ರಿ ಏರುತ್ತದೆ. ನಿಧಾನ ಓವನ್‌ಗೆ ಫ್ರಿಜ್‌ನಿಂದ ನೇರವಾಗಿ ಹೋದರೂ ಅಡ್ಡಿಯಿಲ್ಲ.

ಕಬ್ಬಿಣದ ಬಾಣಲೆ

ಒಂದು ಬದಿ, ಇನ್ನೊಂದು ಬದಿ ಎಂದು ಮಾತ್ರ ಹೇಳಿದಿರಿ, ಮೂರನೆಯ ಬದಿಯನ್ನು ಮರೆತಿರಿ. ಸೊಂಟದ ಚಾಪ್‌ನ ಬೆನ್ನಿಗೆ ಕೊಬ್ಬಿನ ಒಂದು ಅಂಚು ಇರುತ್ತದೆ. ಎರಡು ಬದಿ ಹುರಿದು ಹಾಗೇ ಬಡಿಸಿದರೆ ಅದು ಮೆತ್ತಗೆ ರಬ್ಬರಿನಂತೆ ಉಳಿಯುತ್ತದೆ, ತಿನ್ನುವವರು ಅದನ್ನು ತಟ್ಟೆಯ ಅಂಚಿಗೆ ತಳ್ಳುತ್ತಾರೆ. ನಾನು ಮಾಡುವುದು ಹೀಗೆ. ಎಣ್ಣೆ ಹಾಕುವ ಮೊದಲೇ, ಸಾಧಾರಣ ಉರಿಯಲ್ಲಿ ಬಾಣಲೆಯಿಟ್ಟು, ನಾಲ್ಕೈದು ಚಾಪ್‌ಗಳನ್ನು ಪುಸ್ತಕಗಳಂತೆ ಒತ್ತಾಗಿ ಕೊಬ್ಬಿನ ಅಂಚಿನ ಮೇಲೆ ನಿಲ್ಲಿಸುತ್ತೇನೆ. ಒಂದಕ್ಕೊಂದು ಆನಿಸಿಕೊಂಡರೆ ಬೀಳುವುದಿಲ್ಲ. ಮೊದಲು ಸದ್ದೇ ಇರುವುದಿಲ್ಲ. ಮೆಲ್ಲಗೆ ಕೊಬ್ಬು ಬೆವರತೊಡಗುತ್ತದೆ, ಬಿಳಿ ಅಂಚು ಗಾಜಿನಂತಾಗುತ್ತದೆ, ಆಮೇಲೆ ಹೊಂಬಣ್ಣ ಹತ್ತಿ ಸದ್ದು ತೆಳ್ಳಗೆ ಸಿಡಿಯುವಂತಾಗುತ್ತದೆ. ಮೂರು ನಾಲ್ಕು ನಿಮಿಷ ಬೇಕು. ಬಾಣಲೆಯಲ್ಲಿ ಆಗ ಕರಗಿ ನಿಂತ ಕೊಬ್ಬಿನಲ್ಲೇ, ಉರಿ ಏರಿಸಿ, ಬದಿಗಳನ್ನು ಹುರಿಯಬಹುದು. ಹೊತ್ತಿನ ಚಿಂತೆಯಿದ್ದರೆ ಈ ಅಂಚಿನ ಕೆಲಸವನ್ನು ಓವನ್‌ಗೆ ಇಡುವ ಮೊದಲೇ, ಅತಿಥಿಗಳು ಬರುವ ಮುನ್ನ ಮಾಡಿ ಮುಗಿಸಿ, ಆಮೇಲೆ ತಡಮಾಡದೆ ಓವನ್‌ಗೆ ಸೇರಿಸಿ.

ಬಾಣಲೆ ತುಂಬಿಸಬೇಡಿ. ತುಂಡುಗಳ ನಡುವೆ ಬೆರಳು ಹೋಗುವಷ್ಟು ಜಾಗವಿರಲಿ, ಇಲ್ಲವಾದರೆ ಆವಿ ಅಲ್ಲೇ ಸುತ್ತಿ ಎಲ್ಲವೂ ಬೆಂದ ಗೆಡ್ಡೆಯ ಬಣ್ಣಕ್ಕೆ ತಿರುಗುತ್ತವೆ.

ಉಪ್ಪಿನ ಡಬ್ಬಿ

ಉಪ್ಪಿನ ಬಗ್ಗೆ ಯಾರೂ ಮಾತೆತ್ತಿಲ್ಲವಲ್ಲ! ಒಂದು ಕಿಲೋ ಮಾಂಸಕ್ಕೆ ಸುಮಾರು 10 ಗ್ರಾಂ ಉಪ್ಪನ್ನು ಹಿಂದಿನ ರಾತ್ರಿಯೇ ಎಲ್ಲ ಬದಿಗೂ ಸವರಿ, ಮುಚ್ಚದೆ, ಜಾಲರಿಯ ಮೇಲೆ ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಮೊದಲು ಉಪ್ಪು ನೀರನ್ನು ಹೊರಗೆಳೆಯುತ್ತದೆ, ಹತ್ತು ನಿಮಿಷದಲ್ಲಿ ಮೈಯೆಲ್ಲ ಒದ್ದೆ. ಆ ನೀರಿನಲ್ಲಿ ಉಪ್ಪು ಕರಗಿ ಮುಕ್ಕಾಲು ಗಂಟೆಯ ಮೇಲೆ ನಿಧಾನವಾಗಿ ಒಳಕ್ಕೆ ಮರಳುತ್ತದೆ. ಆದ್ದರಿಂದ ಉಪ್ಪು ಹಾಕುವುದಾದರೆ ಬಾಣಲೆಗಿಳಿಸುವ ಕ್ಷಣದಲ್ಲಿ ಹಾಕಿ, ಇಲ್ಲವೇ ಒಂದು ಗಂಟೆಗೂ ಮೊದಲೇ ಹಾಕಿ. ನಡುವಿನ ಹತ್ತಿಪ್ಪತ್ತು ನಿಮಿಷವೇ ಎಲ್ಲಕ್ಕಿಂತ ಕೆಟ್ಟದ್ದು.

ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಬೇಡಿ. ಹುಳಿ ಮೇಲ್ಮೈಯನ್ನು ಹಿಟ್ಟುಹಿಟ್ಟಾಗಿಸುತ್ತದೆ, ಒಳಕ್ಕೆ ಮಾತ್ರ ಹೆಚ್ಚು ಇಳಿಯುವುದಿಲ್ಲ. ನಿಂಬೆ ಬೇಕಿದ್ದರೆ ಬಡಿಸುವಾಗ ಹಿಂಡಿ.

ಬೆಳ್ಳುಳ್ಳಿ ಸುಟ್ಟವಳು

ನನ್ನ ಹೆಸರೇ ನನ್ನ ಅನುಭವ. ಹಿಂದೊಮ್ಮೆ ಹಬ್ಬದ ದಿನ ಜಜ್ಜಿದ ಬೆಳ್ಳುಳ್ಳಿ, ರೋಸ್‌ಮರಿ, ಎಣ್ಣೆಯನ್ನೆಲ್ಲ ಚಾಪ್ಸ್‌ಗೆ ಮೆತ್ತಿ ಹಾಗೇ ಕಾದ ಬಾಣಲೆಗೆ ಇಳಿಸಿದೆ. ಮಾಂಸ ಕೆಂಪಗಾಗುವ ಮೊದಲೇ ಬೆಳ್ಳುಳ್ಳಿ ಕಪ್ಪಾಗಿ, ಕಹಿಯಾಗಿ, ಹೊಗೆ ಎಚ್ಚರಿಕೆಯ ಗಂಟೆ ಹೊಡೆದು, ಅತಿಥಿಗಳು ಮಗುವನ್ನೆತ್ತಿಕೊಂಡು ಅಂಗಳಕ್ಕೆ ಓಡಿದರು. ಈಗ ಇಡೀ ಎಸಳುಗಳನ್ನು ಸಿಪ್ಪೆಸಹಿತ ಸ್ವಲ್ಪ ಜಜ್ಜಿ, ಹುರಿಯುವ ಕೊನೆಯ ನಿಮಿಷದಲ್ಲಿ, ಉರಿ ತಗ್ಗಿಸಿ, ಒಂದು ಚಮಚ ಬೆಣ್ಣೆ ಮತ್ತು ರೋಸ್‌ಮರಿ ಕಡ್ಡಿಯ ಜೊತೆ ಹಾಕುತ್ತೇನೆ. ಬಾಣಲೆ ವಾಲಿಸಿ ಆ ನೊರೆಬೆಣ್ಣೆಯನ್ನು ಮಾಂಸದ ಮೇಲೆ ನಾಲ್ಕು ಸಲ ಹೊಯ್ದರೆ ಪರಿಮಳವೆಲ್ಲ ಬರುತ್ತದೆ. ಬೆಣ್ಣೆಯನ್ನು ಆರಂಭದಲ್ಲೇ ಹಾಕಿದರೆ ಅದರ ಹಾಲಿನ ಅಂಶ ಸೀದುಹೋಗುತ್ತದೆ. ಮೊದಲಿಗೆ ಎಣ್ಣೆ ಅಥವಾ ತುಪ್ಪವೇ ಸರಿ.

ವಾಸನೆಯ ವಿಷಯವನ್ನು ಯಾರಾದರೂ ಹೇಳುವಿರಾ? ನನ್ನ ಮನೆಯಲ್ಲೂ ಅದೇ ದೂರು.

ಮೂಳೆ ಕಡಿಯುವವ

ವಾಸನೆ ಇರುವುದು ಬಹುಪಾಲು ಕೊಬ್ಬಿನಲ್ಲಿ, ಮಾಂಸದಲ್ಲಿ ಅಲ್ಲ. ಕುರಿ ಬೆಳೆದಂತೆ ಅದು ಹೆಚ್ಚುತ್ತದೆ. ಮೂಗಿನ ಸೂಕ್ಷ್ಮವಿರುವವರ ಪಾಲಿನ ಎರಡು ಚಾಪ್‌ಗಳ ಹೊರಗಿನ ಕೊಬ್ಬನ್ನು ಪೂರ್ತಿ ಕೆತ್ತಿಬಿಡಿ, ಉಳಿದವಕ್ಕೆ ಅರ್ಧ ಸೆಂಟಿಮೀಟರ್ ಉಳಿಸಿ. ಮೂಳೆ ಕಡಿದಾಗ ಅಂಟಿಕೊಳ್ಳುವ ಪುಡಿಯನ್ನು ಒದ್ದೆ ಕಾಗದದಿಂದ ಒರೆಸಿ ತೆಗೆಯಿರಿ, ಆಮೇಲೆ ಒಣ ಕಾಗದದಿಂದ ಒತ್ತಿ. ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ಸಿಡಿದ ಹನಿಗಳು ಪಕ್ಕದಲ್ಲಿ ಹೆಚ್ಚಿಟ್ಟ ಹಸಿ ತರಕಾರಿಗೆ ಹಾರುತ್ತವೆ. ಹೆಪ್ಪುಗಟ್ಟಿಸಿದ ಮಾಂಸವಾಗಿದ್ದರೆ ಒಂದಿಡೀ ದಿನ ಫ್ರಿಜ್‌ನಲ್ಲೇ ಕರಗಬೇಕು.

ಅಳತೆಗೋಲು

ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ವಿಶಿಷ್ಟ ವಾಸನೆಗೆ ಮುಖ್ಯ ಕಾರಣ ಕುರಿ ಮತ್ತು ಮೇಕೆಯ ಕೊಬ್ಬಿನಲ್ಲಿರುವ ಕವಲೊಡೆದ ಕೆಲವು ಕೊಬ್ಬಿನಾಮ್ಲಗಳು. ಇನ್ನೊಂದು ಗುಣವೆಂದರೆ ಕುರಿಯ ಕೊಬ್ಬು ಕೋಳಿ, ಹಂದಿಯ ಕೊಬ್ಬಿಗಿಂತ ಬೇಗ ಗಟ್ಟಿಯಾಗುತ್ತದೆ. ತಣ್ಣನೆಯ ತಟ್ಟೆಗೆ ಬಿದ್ದೊಡನೆ ಅದು ಮೇಣದಂತೆ ಅಂಗುಳಿಗೆ ಹತ್ತುತ್ತದೆ, ಜನರು ‘ವಾಸನೆ’ ಎಂದು ದೂರುವುದರಲ್ಲಿ ಅರ್ಧ ಈ ಜಿಡ್ಡೇ. ತಟ್ಟೆಗಳನ್ನು 70 ಡಿಗ್ರಿ ಓವನ್‌ನಲ್ಲಿ ಹತ್ತು ನಿಮಿಷ ಬಿಸಿ ಮಾಡಿಟ್ಟರೆ ಆಗುವ ವ್ಯತ್ಯಾಸವನ್ನು ಯಾವ ಮಸಾಲೆಯೂ ಕೊಡಲಾರದು.

ನಿಧಾನ ಉರಿ

ಬಿಸಿ ತಟ್ಟೆಯ ಮಾತನ್ನು ಒಪ್ಪುತ್ತೇನೆ. ಆದರೂ ನನ್ನದೊಂದು ಹಟ: ಇಪ್ಪತ್ತರಲ್ಲಿ ಆರನ್ನಾದರೂ ಭುಜದ ಚಾಪ್ಸ್ ಮಾಡಿ ಹಿಂದಿನ ದಿನವೇ ಬೇಯಿಸಿಡಿ. ಗರ್ಭಿಣಿಗೂ ಹಲ್ಲು ಸಡಿಲವಾದವರಿಗೂ ಅದೇ ನೆಮ್ಮದಿ. ಗಟ್ಟಿಯಾಗುವವರೆಗೆ ಬೇಯಿಸಿದ ಸೊಂಟದ ಚಾಪ್ ಅವರಿಗೆ ಶಿಕ್ಷೆ.

ಕಬ್ಬಿಣದ ಬಾಣಲೆ

ಇದಕ್ಕೆ ನನ್ನ ತಕರಾರಿಲ್ಲ. ‘ಸಾರು’ ಎಂದಿದ್ದನ್ನು ಹಿಂದಕ್ಕೆ ಪಡೆಯುತ್ತೇನೆ.

ಮೊದಲ ಸಲದ ಆತಿಥೇಯೆ

ಊಟ ಮುಗಿದು ಎರಡು ದಿನವಾಯಿತು. ವರದಿ ಒಪ್ಪಿಸದೆ ಹೋದರೆ ತಪ್ಪಾಗುತ್ತದೆ.

ಹದಿನಾಲ್ಕು ಸೊಂಟದ ಚಾಪ್ಸ್, ಆರು ಭುಜದವು. ಭುಜದವನ್ನು ಹಿಂದಿನ ದಿನವೇ ಬೇಯಿಸಿಟ್ಟೆ. ಬೆಳಿಗ್ಗೆ ಎತ್ತಿ ತೆಗೆದ ಕೊಬ್ಬು ಒಂದು ಬಟ್ಟಲು ತುಂಬಿತು. ಸೊಂಟದವಕ್ಕೆ ಹಿಂದಿನ ರಾತ್ರಿ ಉಪ್ಪು ಸವರಿದ್ದೆ. ಕೊಬ್ಬಿನ ಅಂಚನ್ನು ಮಾತ್ರ ಮೊದಲೇ ಹುರಿದು, ಅತಿಥಿಗಳು ಬಂದು ಕೂತಾಗ ಓವನ್‌ಗೆ ಇಟ್ಟೆ. ಅಲ್ಲಿ ಒಂದು ಪಾಠ ಕಲಿತೆ. ಎರಡು ತಟ್ಟೆಗಳಲ್ಲಿ ಮೇಲಿನದು 28 ನಿಮಿಷಕ್ಕೇ 57 ತಲುಪಿತು, ಕೆಳಗಿನದು ಆಗಿನ್ನೂ 49ರಲ್ಲಿತ್ತು. ನಡುವೆ ಒಮ್ಮೆ ಅದಲುಬದಲು ಮಾಡಬೇಕಿತ್ತು. ಮೇಲಿನದನ್ನು ತೆಗೆದು ಹಾಳೆ ಮುಚ್ಚಿಟ್ಟು, ಕೆಳಗಿನದನ್ನು ಮೇಲಕ್ಕೆ ಏರಿಸಿದೆ. ಇನ್ನೊಂದು ಎಂಟು ನಿಮಿಷ ಹಿಡಿಯಿತು, ಅಷ್ಟರಲ್ಲಿ ಎಲ್ಲರೂ ಸೂಪ್ ಮುಗಿಸಿದ್ದರು.

ಎರಡು ಬಾಣಲೆಗಳಲ್ಲಿ ಎರಡು ಸುತ್ತು, ಒಂಬತ್ತು ನಿಮಿಷ. ಬಾಣಲೆಯ ಕೊಬ್ಬನ್ನು ಬಗ್ಗಿಸಿ, ತಳಕ್ಕೆ ಹತ್ತಿದ್ದ ಕಂದು ಅಂಟಿಗೆ ಒಂದು ಲೋಟ ಸಾರು ಹೊಯ್ದು ಕೆರೆದು, ಅರ್ಧಕ್ಕೆ ಇಳಿಸಿ, ನಿಂಬೆರಸ ಮತ್ತು ಹೆಚ್ಚಿದ ಪುದೀನ ಹಾಕಿದೆ. ಆ ಹುಳಿ ಜಿಡ್ಡನ್ನು ಚೆನ್ನಾಗಿ ಕತ್ತರಿಸಿತು. ಕೆಂಪು ಕಂಡರೆ ಆಗದವರಿಗೆ ಭುಜದ ಚಾಪ್ ಬಡಿಸಿದ್ದೆ, ಆದರೆ ಅವರು ಪಕ್ಕದವರ ತಟ್ಟೆ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದರಲ್ಲಿ ಅಂಚಿನದು ಒಂದು ತುಂಡು ಕೊಡಿ’ ಎಂದು ಕೇಳಿದರು. ಗರ್ಭಿಣಿ ಭುಜದ ಎರಡು ತುಂಡು ತಿಂದು ಮೂರನೆಯದರ ಮೂಳೆಯನ್ನೂ ಚೀಪಿದಳು. ವಾಸನೆಯ ದೂರು ಮಾತ್ರ ಪೂರ್ತಿ ಹೋಗಲಿಲ್ಲ. ಆ ಅತಿಥಿ ಒಂದನ್ನು ತಿಂದು ಸಾಕೆಂದರು.

ಮೂಳೆ ಕಡಿಯುವವ

ಒಂದು ತಿಂದರಲ್ಲ, ಅದೇ ದೊಡ್ಡದು. ಒಂದು ಮಾತು ಹೇಳಲು ಮರೆತಿದ್ದೆ: ಬಾಣಲೆಯಿಂದ ಬಗ್ಗಿಸಿದ ಆ ಕೊಬ್ಬನ್ನು ಯಾವ ಕಾರಣಕ್ಕೂ ಸಿಂಕಿಗೆ ಸುರಿಯಬೇಡಿ. ಕೊಳವೆಯ ತಿರುವಿನಲ್ಲಿ ತಣ್ಣಗಾಗಿ ಕಲ್ಲಿನಂತೆ ಕೂರುತ್ತದೆ. ಡಬ್ಬಿಗೆ ಹಾಕಿ ಗಟ್ಟಿಯಾಗಲು ಬಿಟ್ಟು ಕಸಕ್ಕೆ ಹಾಕಿ.

ಮೊದಲ ಸಲದ ಆತಿಥೇಯೆ

ಇದನ್ನು ಎರಡು ದಿನ ಮೊದಲು ಹೇಳಬಾರದಿತ್ತೇ? ಕೊಳವೆ ಬಿಚ್ಚುವವರು ನಾಳೆ ಬೆಳಿಗ್ಗೆ ಬರುತ್ತಾರೆ.